ಸಹಿ ಇಲ್ಲದ ತೊಟ್ಟಿಲು

ಈ ಸಲ ಹೋಳಿ ಹುಣ್ಣಿಮೆಗೆ ನವಲಗುಂದಕ್ಕೆ ಹೋಗಿದ್ದೆ. ಕಾಮಣ್ಣನ ದರ್ಶನ ಒಂದು ನೆಪ, ನಿಜವಾದ ಕೆಲಸ ಬೇರೆ ಇತ್ತು. ಅಜ್ಜನ ಕಾಲದ ಮಾಳಿಗೆ ಮನೆ ಕೆಡವಿ ಹೊಸ ಮನೆ ಕಟ್ಟಿಸೋಕೆ ಕಾಕಾ ಹೊರಟಿದ್ದಾರೆ. ಅಟ್ಟದ ಮೇಲಿನ ಸಾಮಾನೆಲ್ಲ ಇಳಿಸಬೇಕು, ಯಾವುದು ಮನೆಗೆ ಯಾವುದು ಗುಜರಿಗೆ ಅಂತ ವಿಂಗಡಿಸಬೇಕು, ನೀನೂ ಬಾ ಅಂದಿದ್ದರು. ಬೆಂಗಳೂರಿನಲ್ಲಿ ಕೀಬೋರ್ಡ್ ಕುಟ್ಟೋ ಕೈಗೆ ಧೂಳು ಹೊಡೆಯುವ ಕೆಲಸ ಸಿಕ್ಕಿತಲ್ಲ ಅಂತ ಖುಷಿಯಿಂದಲೇ ಹೋದೆ :-)

ಅಟ್ಟದಿಂದ ಇಳಿದದ್ದು ಏನೇನು ಅಂತೀರಿ? ಒಂದು ಮುರಿದ ಕೂರಿಗೆ, ಎರಡು ನೊಗ, ಹಿಡಿಕೆ ಇಲ್ಲದ ಬಾಚಿ, ಕಡಗೋಲು, ಗೋಣಿಚೀಲದಲ್ಲಿ ಸುತ್ತಿಟ್ಟ ಒಂದಷ್ಟು ಉಳಿ. ಕೊನೆಗೆ ಬಂದದ್ದು ತೊಟ್ಟಿಲು. ನಮ್ಮಪ್ಪ ಹುಟ್ಟಿದಾಗ ಅಜ್ಜ ಮಾಡಿದ್ದು. ಅಪ್ಪ, ಕಾಕಾ, ಅತ್ತೆ, ಆಮೇಲೆ ನಾನು, ನನ್ನ ತಂಗಿ... ಎಲ್ಲರೂ ಅದರಲ್ಲೇ ಮಲಗಿ ಎದ್ದವರು. ಸಾಗವಾನಿ ಕಟ್ಟಿಗೆ, ಬಣ್ಣ ಇಲ್ಲ, ಎಣ್ಣೆ ಕುಡಿದು ಕುಡಿದು ಕಪ್ಪಗಾಗಿದೆ. ಒಂದು ಮೊಳೆಯೂ ಇಲ್ಲ, ಬರೀ ಮರದ ಬೆಣೆಗಳ ಮೇಲೆ ನಿಂತಿದೆ.

ಕಾಕಾ ಅದರ ಫೋಟೋ ತೆಗೆದು, ಹಳೇ ಮರದ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿಗೆ ವಾಟ್ಸಾಪ್ ಮಾಡಿದ್ದರು. ಅರ್ಧ ಗಂಟೆಯಲ್ಲಿ ಆತನ ಫೋನು. ಆತ ಕೇಳಿದ್ದು ಎರಡೇ ಪ್ರಶ್ನೆ: "ಯಾರು ಮಾಡಿದ್ದು, ಹೆಸರೇನಾದ್ರೂ ಕೆತ್ತಿದೆಯಾ? ಕಲಘಟಗಿ ತೊಟ್ಟಿಲಾ?"

ಹೆಸರು ಕೆತ್ತಿರಲಿಲ್ಲ. ಕಲಘಟಗಿಯದೂ ಅಲ್ಲ. ಹಾಗಂತ ಹೇಳಿದ್ದಕ್ಕೆ ಆತ ಹೇಳಿದ ರೇಟು ಕೇಳಿ ಕಾಕಾನ ಮುಖ ಸಣ್ಣದಾಯಿತು. ಕಲಘಟಗಿಯದಾಗಿದ್ದರೆ ಅದರ ಎರಡು ಪಟ್ಟು ಕೊಡ್ತಿದ್ದನಂತೆ. ಫೋನು ಇಟ್ಟ ಮೇಲೆ ಕಾಕಾ ನನ್ನ ಕಡೆ ತಿರುಗಿ, "ಏನಲೇ ತಮ್ಮಾ, ಕಲಘಟಗಿದು ಅಂದಿದ್ರ ಏನ್ ಹೋಗ್ತಿತ್ತು? ಬಣ್ಣ ಹಾರೇತಿ ಅಂದ್ರ ಮುಗೀತು" ಅಂದರು.

ನಾನು ಸುಮ್ಮನಿದ್ದೆ. ಸುಳ್ಳು ಹೇಳಬಾರದು ಅಂತ ಗೊತ್ತು. ಆದರೆ ಸಿಮೆಂಟು, ಕಬ್ಬಿಣದ ರೇಟೂ ಗೊತ್ತು. ಅವತ್ತಿನಿಂದ ತಲೆಯೊಳಗೆ ಕೊರೆಯುತ್ತಿರುವ ಹುಳ ಇದು... ಕೈಯಿಂದ ಮಾಡಿದ ವಸ್ತುವಿನ ಮೇಲೆ ಮಾಡಿದವನ ಹೆಸರು ಯಾಕೆ ಇರುತ್ತೆ, ಯಾಕೆ ಇರಲ್ಲ? ಸುಮಾರು ಓದಿದೆ, ಸುಮಾರು ಓಡಾಡಿದೆ. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀನಿ. ಸ್ವಲ್ಪ ಉದ್ದ ಆಗಿದೆ, ಬೈಕೋಬೇಡಿ.

*

ಮೊದಲು ಕಲಘಟಗಿ ವಿಷಯ ಹೇಳಿಬಿಡ್ತೀನಿ. ಧಾರವಾಡ ಸೀಮೆಯವರಿಗೆ ಹೊಸದಲ್ಲ. ಧಾರವಾಡದ ಪೇಡೆ ಹೇಗೋ ಕಲಘಟಗಿಯ ತೊಟ್ಟಿಲು ಹಾಗೆ. ನಮ್ಮದು ಬಯಲು ಎರೆಭೂಮಿ, ಮರ ಅಂದರೆ ಜಾಲಿ, ಬೇವು. ಕಲಘಟಗಿ ಹಾಗಲ್ಲ, ಮಲೆನಾಡಿನ ಅಂಚು, ಸಾಗವಾನಿ ಕಾಡು ಹತ್ತಿರ. ಅಲ್ಲಿನ ಕುಶಲಕರ್ಮಿಗಳು ಸಾಗವಾನಿಯಲ್ಲಿ ತೊಟ್ಟಿಲು ಮಾಡಿ, ಅರಗಿನ ಬಣ್ಣ ಏರಿಸಿ, ಪಟ್ಟಿಗಳ ಮೇಲೆ ರಾಮಾಯಣದ, ಕೃಷ್ಣನ ಬಾಲಲೀಲೆಯ ಚಿತ್ರ ಬರೀತಾರೆ. ತಲೆಮಾರು ಕಳೆದರೂ ಬಣ್ಣ ಮಾಸಲ್ಲ ಅನ್ನೋದು ಅದರ ಹೆಗ್ಗಳಿಕೆ. 2018ರಲ್ಲಿ ತೀರಿಕೊಂಡ ನಟ ಅಂಬರೀಶ್ ಅವರು ಯಶ್ ಮತ್ತು ರಾಧಿಕಾ ಪಂಡಿತ್ ಅವರ ಮಗುವಿಗೆ ಅಂತ ಒಂದು ಕಲಘಟಗಿ ತೊಟ್ಟಿಲಿಗೆ ಹೇಳಿಟ್ಟಿದ್ದರು. ಅವರು ಹೋದ ಮೇಲೆ ಅದು ಯಶ್ ಮನೆ ಸೇರಿತು. ಆಗ ಪೇಪರು ಟಿವಿಯಲ್ಲೆಲ್ಲ ಅದೇ ಸುದ್ದಿ.

ಈಗ ನನ್ನನ್ನೇ ಕೇಳಿಕೊಂಡೆ. ಆ ಸುದ್ದಿಯಲ್ಲಿ ಕೊಟ್ಟವರ ಹೆಸರು ನೆನಪಿದೆ, ಪಡೆದವರ ಹೆಸರು ನೆನಪಿದೆ, ಊರಿನ ಹೆಸರು ನೆನಪಿದೆ. ಮಾಡಿದವರ ಹೆಸರು? ಊಹೂಂ. ಬಡಗಿಯ ಮೊಮ್ಮಗನಾದ ನನಗೇ ನೆನಪಿಲ್ಲ!

ಅಂದರೆ ಕಲಘಟಗಿ ಅನ್ನೋ ಊರೇ ಅಲ್ಲಿ ಸಹಿ. ವ್ಯಾಪಾರಿ ಕೇಳಿದ್ದೂ ಅದನ್ನೇ. ಅಜ್ಜನ ತೊಟ್ಟಿಲಿಗೆ ವ್ಯಕ್ತಿಯ ಸಹಿಯೂ ಇಲ್ಲ, ಊರಿನ ಸಹಿಯೂ ಇಲ್ಲ. ಮಾರ್ಕೆಟ್ಟಿನ ಪ್ರಕಾರ ಅದು ತಬ್ಬಲಿ.

*

ಅಜ್ಜ ಬಡಗಿ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಮ್ಮಾರ, ಪತ್ತಾರ ಅಂತ ಅಡ್ಡಹೆಸರು ಕೇಳೇ ಇರ್ತೀರಿ. ಮರ, ಕಬ್ಬಿಣ, ಬಂಗಾರ... ಮಾಡುವ ಕೆಲಸವೇ ಮನೆತನದ ಹೆಸರು. ಮನುಷ್ಯನ ಮೇಲೆ ಕೆಲಸದ ಹೆಸರು ಇದೆ, ಕೆಲಸದ ಮೇಲೆ ಮನುಷ್ಯನ ಹೆಸರು ಇಲ್ಲ. ತಮಾಷೆ ಅಲ್ವಾ?

ಆಯಿಗೆ ಈಗ ಎಂಬತ್ತು ದಾಟಿದೆ. ಆಕೆಯನ್ನೇ ಕೇಳಿದೆ. "ಆಯೀ, ಅಜ್ಜ ಯಾಕ ಎಲ್ಲೂ ತನ್ನ ಹೆಸರ ಬರೀಲಿಲ್ಲ? ಅಕ್ಷರ ಬರ್ತಿತ್ತಲ್ಲ?"

ಆಯಿ ನನ್ನನ್ನು ಹುಚ್ಚನ ಥರ ನೋಡಿದಳು. "ಯಾರ್ ಸಲುವಾಗಿ ಬರೀಬೇಕಿತ್ತೋ? ಊರಾಗಿನ ಎಲ್ಲಾರಿಗೂ ಗೊತ್ತಿತ್ತಲ್ಲ!"

ಇಷ್ಟೇ. ಆಮೇಲೆ ನಾನು ಓದಿದ್ದೆಲ್ಲ ಈ ಒಂದು ಮಾತಿಗೆ ಅಡಿಟಿಪ್ಪಣಿ ಅಂದುಕೊಳ್ಳಿ.

ಆಯದ ಪದ್ಧತಿ ಇದ್ದ ಕಾಲ ಅದು. ಬಡಗಿ, ಕಮ್ಮಾರ, ಕುಂಬಾರ, ಹಡಪದ ಇವರೆಲ್ಲ ಆಯಗಾರರು. ವರ್ಷವಿಡೀ ಒಕ್ಕಲು ಮನೆಗಳ ಕೆಲಸ ಮಾಡಿಕೊಡಬೇಕು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳು ತರಬೇಕು. ಹಿಂಗಾರಿ ಬಿತ್ತನೆ ಮುಂಚೆ ಕೂರಿಗೆ ಸಿದ್ಧ ಆಗಬೇಕು, ಕುಂಟೆಯ ಹಲ್ಲು ಸರಿ ಇರಬೇಕು, ಚಕ್ಕಡಿ ಗಾಲಿ ಅಲ್ಲಾಡಬಾರದು. ಕೂರಿಗೆ ಹೊಲದ ನಡುವೆ ಮುರಿದರೆ ಒಕ್ಕಲಿಗ ಯಾರ ಮನೆ ಮುಂದೆ ಬಂದು ನಿಲ್ಲಬೇಕು ಅಂತ ಕೇಳಬೇಕಾಗಿರಲಿಲ್ಲ. ಕೆಲಸಕ್ಕೆ ಸಹಿ ಇರಲಿಲ್ಲ, ಆದರೆ ಗ್ಯಾರಂಟಿ ಇತ್ತು. ಅದೂ ಜೀವನಪೂರ್ತಿ!

ಹಾಗಂತ ಅಜ್ಜನ ತೊಟ್ಟಿಲಿನ ಮೇಲೆ ಗುರುತೇ ಇಲ್ಲ ಅಂತಲ್ಲ. ಬಿಚ್ಚಿದಾಗ ಕಂಡಿತು. ಪ್ರತಿ ಕಾಲಿನ ತೂತಿನ ಪಕ್ಕ, ಅದರೊಳಗೆ ಕೂರುವ ಪಟ್ಟಿಯ ತುದಿಯಲ್ಲಿ, ಉಳಿಯಿಂದ ಹಾಕಿದ ಸಣ್ಣ ಗೀರುಗಳು. ಒಂದು ಕಾಲಿಗೆ ಒಂದು ಗೀರು, ಇನ್ನೊಂದಕ್ಕೆ ಎರಡು, ಮೂರು, ನಾಲ್ಕು. ಒಂದು ಗೀರಿನ ಪಟ್ಟಿ ಒಂದು ಗೀರಿನ ತೂತಿಗೇ ಹೋಗಬೇಕು. ಕೈಯಲ್ಲಿ ಮಾಡಿದ ಕೆಲಸದಲ್ಲಿ ಒಂದು ತೂತು ಇನ್ನೊಂದರ ಹಾಗಿರಲ್ಲ, ಅದಲು ಬದಲಾದರೆ ಕೂರಲ್ಲ. ಅದಕ್ಕೆ ಈ ಲೆಕ್ಕ. ಪ್ರಪಂಚದ ಎಲ್ಲ ಕಡೆಯ ಬಡಗಿಗಳೂ ಹೀಗೆ ಜೋಡಣೆ ಗುರುತು ಹಾಕ್ತಾರೆ. ಇದು "ನಾನು ಮಾಡಿದೆ" ಅನ್ನೋ ಗುರುತಲ್ಲ, "ನೀನು ಹೀಗೆ ಜೋಡಿಸು" ಅನ್ನೋ ಗುರುತು.

ಇನ್ನೊಂದು ಮಜಾ ಇದೆ. ದಾಂಡೇಲಿಯಂಥ ಸರ್ಕಾರಿ ಡಿಪೋದಿಂದ ಬರುವ ಸಾಗವಾನಿ ದಿಮ್ಮಿಯ ಮೇಲೆ ಅರಣ್ಯ ಇಲಾಖೆಯವರು ಸುತ್ತಿಗೆಯಿಂದ ಹೊಡೆದ ಮುದ್ರೆ, ನಂಬರು ಇರುತ್ತೆ. ಕದ್ದ ಮರ ಅಲ್ಲ ಅನ್ನೋದಕ್ಕೆ ಸಾಕ್ಷಿ. ಬಡಗಿ ದಿಮ್ಮಿ ಸೀಳಿ ಕೆತ್ತುವಾಗ ಮೊದಲು ಹೋಗೋದೇ ಆ ಮುದ್ರೆ. ಹೀಗೆ ಮರಕ್ಕೆ ಮಾಲೀಕನ ಗುರುತು ಇತ್ತು, ಅದು ಚಕ್ಕೆಯಾಗಿ ಒಲೆ ಸೇರಿತು. ಮಾಡಿದವನ ಗುರುತು ಬರಲೇ ಇಲ್ಲ.

*

ಹಾಗಾದರೆ ನಮ್ಮ ಕಡೆ ಕುಶಲಕರ್ಮಿಗಳಿಗೆ ಹೆಸರು ಬರೆಯುವ ಅಭ್ಯಾಸವೇ ಇರಲಿಲ್ಲವಾ? ಇತ್ತು ಸ್ವಾಮಿ, ಭರ್ಜರಿಯಾಗಿ ಇತ್ತು. ಆದರೆ ಕಲ್ಲಿನ ಮೇಲೆ.

ಪಟ್ಟದಕಲ್ಲು ನಮಗೆ ದೂರವೇನಲ್ಲ. ಅದರ ಪಕ್ಕ ಹರಿಯುವ ಮಲಪ್ರಭೆಯ ನೀರೇ ಕಾಲುವೆಯಲ್ಲಿ ನವಲಗುಂದದ ಹೊಲಗಳಿಗೆ ಬರೋದು. ಅಲ್ಲಿಯ ವಿರೂಪಾಕ್ಷ ಗುಡಿ ಎಂಟನೇ ಶತಮಾನದ್ದು. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಟ್ಟಿಸಿದವಳ ಹೆಸರಿನ ಜೊತೆಗೆ ಕಟ್ಟಿದವನ ಹೆಸರೂ ಅಲ್ಲೇ ಶಾಸನದಲ್ಲಿ ಇದೆ: ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಅನ್ನೋ ಬಿರುದು ಸಿಕ್ಕಿತಂತೆ. ಇನ್ನೊಬ್ಬ ಸರ್ವಸಿದ್ಧಿ ಆಚಾರಿ. ಇವನ ಬಗ್ಗೆ ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಶಾಸನ ಇವನನ್ನು ಹೊಗಳುವಾಗ ಕಟ್ಟಡಗಳಷ್ಟೇ ಅಲ್ಲ, ಯಾನ, ಆಸನ, ಶಯನಗಳನ್ನೂ ಹೇಳುತ್ತೆ. ಅಂದರೆ ಗಾಡಿ, ಪೀಠ, ಮಂಚ. ಇವೆಲ್ಲ ಬಡಗಿಯ ಕೆಲಸ ಅಲ್ವೇನ್ರೀ! ಅವನು ಮಾಡಿದ ಮಂಚ ಗೆದ್ದಲು ತಿಂದು ಸಾವಿರ ವರ್ಷದ ಮೇಲಾಗಿರಬೇಕು. ಅವನು ಮಂಚ ಮಾಡುತ್ತಿದ್ದ ಅನ್ನೋ ಮಾತು ಮಾತ್ರ ಕಲ್ಲಲ್ಲಿ ಉಳಿದಿದೆ.

ಹೊಯ್ಸಳರ ಕಾಲಕ್ಕೆ ಬಂದರೆ ಸಹಿಗಳ ಜಾತ್ರೆಯೇ ಇದೆ. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಅಲ್ಲಿಯ ಮದನಿಕೆಯರ ಫೋಟೋ ನಾವೆಲ್ಲ ತೆಗೆದಿದ್ದೀವಿ. ಪೀಠದ ಮೇಲೆ ಎಷ್ಟು ಜನ ನೋಡಿದ್ದೀವಿ? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಹೆಸರುಗಳಿವೆ. ತಮ್ಮ ಹೆಸರು, ಅಪ್ಪನ ಹೆಸರು, ಊರು, ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಮಣಿಸುವವನು ಅನ್ನೋ ಅರ್ಥದ ಬಿರುದುಗಳು. ರೂವಾರಿ ಅಂತ ಕರೆದುಕೊಳ್ಳುತ್ತಿದ್ದರು. ಈಗ ನಮ್ಮ ಪೇಪರಿನವರು "ಯೋಜನೆಯ ರೂವಾರಿ" ಅಂತ ಮಂತ್ರಿಗಳಿಗೆ ಬರೀತಾರಲ್ಲ, ಅದೇ ಶಬ್ದ. ಮೂಲದಲ್ಲಿ ಅದು ಉಳಿ ಹಿಡಿದವನದು :-)

1246ರ ನುಗ್ಗೇಹಳ್ಳಿ ಗುಡಿಗೆ ಹೋದರೆ ಇನ್ನೂ ಸ್ವಾರಸ್ಯ. ಉತ್ತರದ ಗೋಡೆಯ ಮೂರ್ತಿಗಳಲ್ಲಿ ಮಲ್ಲಿತಮ್ಮನ ಹೆಸರು, ದಕ್ಷಿಣದ ಗೋಡೆಯಲ್ಲಿ ನಂದಿಯ ಬೈಚೋಜನ ಹೆಸರು. ಒಂದೇ ಗುಡಿ, ಎರಡು ತಂಡ, ಗೋಡೆ ಹಂಚಿಕೊಂಡಿದ್ದಾರೆ. ನಮ್ಮ ಪ್ರಾಜೆಕ್ಟಿನಲ್ಲಿ ಮಾಡ್ಯೂಲು ಹಂಚಿಕೊಂಡ ಹಾಗೆ. ಗಿಟ್‌ನಲ್ಲಿ ಪ್ರತಿ ಸಾಲು ಕೋಡಿಗೂ ಬರೆದವರ ಹೆಸರು, ದಿನಾಂಕ ಇರುತ್ತಲ್ಲ, ನುಗ್ಗೇಹಳ್ಳಿ ಗೋಡೆಯೂ ಒಂಥರಾ ಹಾಗೇ. ಕೆಲಸ ಚೆನ್ನಾಗಿದ್ದರೆ ಹೊಗಳಿಕೆ ಯಾರಿಗೆ, ಕೆಟ್ಟರೆ ಬೈಗುಳ ಯಾರಿಗೆ ಅನ್ನೋದು ಸ್ಪಷ್ಟ.

1268ರ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ನಲವತ್ತರಷ್ಟು ಮೂರ್ತಿಗಳ ಮೇಲಿದೆ. ಒಂದೊಂದು ಕಡೆ ಪೂರ್ತಿ ಹೆಸರು, ಒಂದೊಂದು ಕಡೆ ಬರೀ "ಮಲ್ಲಿ", ಕೆಲವು ಕಡೆ ಒಂದೇ ಅಕ್ಷರ "ಮ". ಚೌಡಯ್ಯ, ಮಸಣಿತಮ್ಮ ಥರದ ಹೆಸರುಗಳೂ ಇವೆ. ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಸಿಗುತ್ತೆ. ಲೆಕ್ಕ ಹಾಕಿ ನೋಡಿ. 1196ರಿಂದ 1268ಕ್ಕೆ ಎಪ್ಪತ್ತೆರಡು ವರ್ಷ! ಇಪ್ಪತ್ತರ ಹುಡುಗನಾಗಿ ಶುರು ಮಾಡಿದ್ದರೂ ಸೋಮನಾಥಪುರದಲ್ಲಿ ತೊಂಬತ್ತು ದಾಟಿರಬೇಕು. ಒಬ್ಬನೇ ಮನುಷ್ಯ ಅಷ್ಟು ಕಾಲ ಉಳಿ ಹಿಡಿದನೋ, ಅಥವಾ ತಾತನ ಹೆಸರು ಮೊಮ್ಮಗ ಇಟ್ಟುಕೊಂಡನೋ, ಅಥವಾ ಶಿಷ್ಯರ ತಂಡ ಗುರುವಿನ ಹೆಸರನ್ನೇ ಹಾಕಿತೋ? ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡೋದು ರೂಢಿಯೇ ತಾನೆ. ಅಂದರೆ ಸಹಿ ಇದ್ದ ಮಾತ್ರಕ್ಕೆ ಮಾಡಿದವನು ಸಿಕ್ಕಿಬಿಟ್ಟ ಅಂತಲ್ಲ.

ಇವರು ಯಾಕೆ ಬರೆದರು? ಆಯಿಯ ಮಾತನ್ನು ಇಲ್ಲಿಟ್ಟು ನೋಡಿ. ದಾಸೋಜನ ಊರು ಬಳ್ಳಿಗಾವೆ, ಕೆಲಸ ಬೇಲೂರಿನಲ್ಲಿ. ಬೈಚೋಜನ ಊರು ನಂದಿ, ಕೆಲಸ ನುಗ್ಗೇಹಳ್ಳಿಯಲ್ಲಿ. ಊರು ಬಿಟ್ಟು ಬಂದವರು. ಪಕ್ಕದಲ್ಲಿ ಕೆತ್ತುತ್ತಿರುವವನು ಬೇರೆ ಊರಿನವನು, ನೋಡುವವರು ಗುರುತಿಲ್ಲದವರು. ಮುಂದಿನ ಕೆಲಸ ಸಿಗಬೇಕಾದರೆ ಈ ಕೆಲಸ ಯಾರದು ಅಂತ ಗೊತ್ತಾಗಬೇಕು. ಅಜ್ಜನ ಕೂರಿಗೆಗೆ ಆ ಅಗತ್ಯ ಇರಲಿಲ್ಲ. ಗುರುತು ಇರುವ ಕಡೆ ಸಹಿ ಬೇಡ, ಗುರುತಿಲ್ಲದ ಕಡೆ ಬೇಕು. ನಾನು ಮಾಡಿಕೊಂಡ ಅರ್ಥ ಇದು. ತಪ್ಪಿದ್ದರೆ ತಿದ್ದಿ.

ಇಷ್ಟೊಂದು ಜನ ಸಹಿ ಮಾಡಿದ್ದರೂ ನಾವು ಹೇಳೋದು ಯಾರ ಹೆಸರು? ಜಕಣಾಚಾರಿ! ಬೇಲೂರಿನ ಶಿಲ್ಪಗಳ ಮೇಲಿನ ಸಹಿಗಳಲ್ಲಿ ಆ ಹೆಸರಿಲ್ಲ. ಅವನದು ಕತೆಯಲ್ಲಿ ಬದುಕಿದ ಹೆಸರು. ಕೈದಾಳ, ಮಗ ಡಂಕಣ, ಕಲ್ಲೊಳಗಿನ ಕಪ್ಪೆ... ನಮಗೆಲ್ಲ ಬಾಯಿಪಾಠ. ನಮ್ಮ ಕಡೆಯಂತೂ ಯಾವ ಹಳೇ ಕಲ್ಲಿನ ಗುಡಿ ಕಂಡರೂ ಜಕಣಾಚಾರಿ ಕಟ್ಟಿದ್ದು ಅಂದುಬಿಡ್ತಾರೆ. ಸಹಿ ಮಾಡಿದ ದಾಸೋಜ, ಚಾವಣ, ಬೈಚೋಜರನ್ನು ಜನ ಮರೆತರು, ಸಹಿ ಇಲ್ಲದ ಜಕಣಾಚಾರಿ ಊರೂರಲ್ಲಿ ಉಳಿದ. ದಾಸೋಜನ ಅದೃಷ್ಟಕ್ಕೆ ಶಾಸನ ಓದುವವರು ಬಂದರು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಬಗ್ಗೆ, 1919ರಲ್ಲಿ ಬೇಲೂರಿನ ಬಗ್ಗೆ ಪುಸ್ತಕ ತಂದರು. ಅಂಥವರು ಬಗ್ಗಿ ಕೂತು ಓದಿದ್ದರಿಂದ ಆ ಹೆಸರುಗಳು ಮತ್ತೆ ನಮ್ಮ ಬಾಯಿಗೆ ಬಂದವು. ಬರೆದವನೊಬ್ಬನಿದ್ದರೆ ಸಾಲದು, ಓದುವವನೊಬ್ಬ ಬೇಕು.

*

ಮರಕ್ಕೆ ವಾಪಸ್ ಬರೋಣ. ಮರದ ಕೆಲಸಕ್ಕೆ ಸಹಿ ಕಡ್ಡಾಯ ಮಾಡಿದ ಊರೊಂದಿದೆ, ಪ್ಯಾರಿಸ್. ಅಲ್ಲಿಯ ಬಡಗಿಗಳ ಸಂಘ 1743ರಲ್ಲಿ ಹೊಸ ನಿಯಮ ಮಾಡಿ, 1751ರಲ್ಲಿ ಅದು ಅಧಿಕೃತವಾಗಿ ನೋಂದಣಿಯಾಯಿತು. ಪ್ರತಿ ಮೇಸ್ತ್ರಿಯೂ ತನ್ನ ಹೆಸರಿನ ಕಬ್ಬಿಣದ ಅಚ್ಚು ಇಟ್ಟುಕೊಳ್ಳಬೇಕು, ಮಾಡಿದ ಕುರ್ಚಿ ಕಪಾಟುಗಳ ಮೇಲೆ ಒತ್ತಬೇಕು. ಸಂಘದವರು ಬಂದು ಪರೀಕ್ಷೆ ಮಾಡಿ ತಮ್ಮದೊಂದು ಮುದ್ರೆ ಒತ್ತುತ್ತಿದ್ದರು. ಫ್ರಾನ್ಸಿನ ಕ್ರಾಂತಿಯಲ್ಲಿ, 1791ರಲ್ಲಿ, ಸಂಘಗಳೇ ರದ್ದಾದವು, ಕಡ್ಡಾಯವೂ ಹೋಯಿತು. ಇದು ಹೆಮ್ಮೆಯ ಸಹಿ ಅಲ್ಲ, ಕಾವಲಿನ ಸಹಿ. ಸಂಘದ ಹೊರಗಿನವನು ಕೆಲಸ ಮಾಡಬಾರದು, ಕೆಟ್ಟ ಮಾಲು ಬಂದರೆ ಹಿಡಿಯಬೇಕು, ಅದಕ್ಕೆ. ಅಚ್ಚನ್ನು ಒತ್ತುತ್ತಿದ್ದದ್ದೂ ಕುರ್ಚಿಯ ಅಡಿಯಂಥ ಕಣ್ಣಿಗೆ ಬೀಳದ ಜಾಗದಲ್ಲಿ. ಅಜ್ಜನ ಗೀರುಗಳ ಹಾಗೆ, ಬಗ್ಗಿ ನೋಡಿದವರಿಗೆ ಮಾತ್ರ.

ನಮ್ಮ ಪಕ್ಕದ ಮೀರಜಿನಲ್ಲೂ ಒಂದು ಕತೆ ಇದೆ. ಧಾರವಾಡದ ಹಾಡುಗಾರರಿಗೆ ತಂಬೂರಿ ಅಂದರೆ ಮೀರಜ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಯ ಶಿಕಲಗಾರರು, ಅಂದರೆ ಕತ್ತಿಗೆ ಸಾಣೆ ಹಿಡಿಯುವವರು, ಕತ್ತಿಯ ಕಾಲ ಮುಗಿದಾಗ ವಾದ್ಯ ಮಾಡುವ ಕೆಲಸ ಕಲಿತರು. ಫರೀದಸಾಹೇಬ ಅನ್ನುವವರು ಅದರ ಮೂಲಪುರುಷ. ಅವರ ಮನೆತನದ ಅಡ್ಡಹೆಸರೇ ಈಗ ಸಿತಾರಮೇಕರ್! ನಮ್ಮ ಬಡಿಗೇರ ಇದ್ದ ಹಾಗೆ. ಆದರೆ ಒಂದು ವ್ಯತ್ಯಾಸ ನೋಡಿ. ಬಡಿಗೇರ ಅಂದರೆ ಯಾರೋ ಒಬ್ಬ ಬಡಗಿ. ಸಿತಾರಮೇಕರ್ ಅಂದರೆ ಇಂಥ ಊರಿನ ಇಂಥ ಮನೆತನ, ಮುಂಬಯಿ ಪುಣೆಯ ಗಿರಾಕಿಗೂ ವಿಳಾಸ ಸಿಗುತ್ತೆ. ತಂಬೂರಿ ಊರೂರು ತಿರುಗುವ ಸಾಮಾನು, ಕೂರಿಗೆ ಊರು ಬಿಡದ ಸಾಮಾನು. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗೆ ಜಿಐ ಮಾನ್ಯತೆಯೂ ಸಿಕ್ಕಿತು.

*

ಜಿಐ ಅಂದ ತಕ್ಷಣ ನವಲಗುಂದದವನಾಗಿ ನಾನು ಎದೆಯುಬ್ಬಿಸಲೇಬೇಕು. ನಮ್ಮೂರ ಜಮಖಾನಕ್ಕೆ 2011ರಲ್ಲೇ ಜಿಐ ಸಿಕ್ಕಿದೆ, ಅರ್ಜಿ ನಂಬರ್ 61. ಹತ್ತಿ ನೂಲಿನ ಹಾಸು, ಎರಡೂ ಮಗ್ಗುಲು ಒಂದೇ ಥರ ಕಾಣುತ್ತೆ, ಕೆಂಪು ಹಳದಿ ಹಸಿರಿನ ಗಾಢ ಬಣ್ಣ, ಪಗಡೆ ಹಾಸಿನಂಥ ವಿನ್ಯಾಸ, ಮತ್ತೆ ನವಿಲು. ನವಿಲು ಇರಲೇಬೇಕಲ್ಲ, ಊರಿನ ಹೆಸರೇ ನವಿಲುಗುಡ್ಡದಿಂದ ಬಂದದ್ದು ಅಂತಾರೆ. ಮಗ್ಗ ಮಾತ್ರ ಮರದ್ದು, ನಮ್ಮ ಬಡಗಿಗಳ ಪಾಲು ಅಷ್ಟೇ. ನೇಯುವವರೆಲ್ಲ ಹೆಣ್ಣುಮಕ್ಕಳು. ಆದಿಲಶಾಹಿ ಕಾಲದಲ್ಲಿ ಬಿಜಾಪುರದ ಕಡೆಯಿಂದ ಬಂದ ಮುಸಲ್ಮಾನ ಮನೆತನಗಳು. ಅವರಿರುವ ಓಣಿಗೆ ಜಮಖಾನ ಗಲ್ಲಿ ಅಂತಲೇ ಹೆಸರು. ಮಗಳಿಗೆ ಕಲಿಸಿದರೆ ವಿದ್ಯೆ ಬೇರೆ ಮನೆಗೆ ಹೋಗುತ್ತೆ ಅಂತ ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. ಸಹಿ ಇಲ್ಲದೆಯೂ ವಿದ್ಯೆಯನ್ನು ಕಾಯುವ ದಾರಿ ಅದು!

ಈಗ ಯೋಚನೆ ಮಾಡಿ. ಜಮಖಾನದ ಮೇಲೆ ನವಿಲು ಇದೆ, ಅಂದರೆ ಊರು ಇದೆ. ಜಿಐ ಪಟ್ಟಿಯಲ್ಲಿ ನವಲಗುಂದ ಇದೆ. ಕೂತು ಎಳೆ ಎಳೆ ತುಂಬಿ, ಪಂಜದಿಂದ ಬಡಿದು ಕೂರಿಸಿದ ಹೆಂಗಸು ಎಲ್ಲಿ? ನಾನು ಚಿಕ್ಕಂದಿನಲ್ಲಿ ಜಮಖಾನ ಗಲ್ಲಿಯಲ್ಲಿ ಎಷ್ಟು ಸಲ ಓಡಾಡಿದ್ದೀನಿ, ಒಂದು ಹಾಸಿನ ಮೇಲೂ ಯಾರ ಹೆಸರೂ ಕಂಡದ್ದಿಲ್ಲ. ಅವರಿಗೂ ನಮ್ಮಜ್ಜನ ಹಾಗೆ, ಕೊಳ್ಳುವವರು ಗೊತ್ತಿದ್ದ ಕಾಲದಲ್ಲಿ ಅದು ಬೇಕಿರಲಿಲ್ಲ. ಈಗ ಕೊಳ್ಳುವವರು ದಿಲ್ಲಿಯಲ್ಲಿದ್ದಾರೆ, ಹೊರದೇಶದಲ್ಲಿದ್ದಾರೆ.

ನಾನು 1999ರ ಜಿಐ ಕಾಯ್ದೆಯನ್ನೂ ತೆಗೆದು ಓದಿದೆ (ಬೇರೆ ಕೆಲಸ ಇರಲಿಲ್ಲ ಅಂದುಕೋಬೇಡಿ). 2003ರಲ್ಲಿ ಜಾರಿಗೆ ಬಂದದ್ದು. ಅದರ ರಿಜಿಸ್ಟರಿನಲ್ಲಿ ಎರಡು ಭಾಗ ಇದೆ. ಮೊದಲ ಭಾಗದಲ್ಲಿ ವಸ್ತುವಿನ, ಊರಿನ ಹೆಸರು. ಎರಡನೇ ಭಾಗದಲ್ಲಿ ಅದನ್ನು ಮಾಡುವ ಅಧಿಕೃತ ಬಳಕೆದಾರರ ಹೆಸರು, ಒಬ್ಬೊಬ್ಬರದೂ. ಆ ಎರಡನೇ ಭಾಗಕ್ಕೆ ಸೇರುವ ಶುಲ್ಕ ಮೊದಲು 500 ರೂಪಾಯಿ ಇತ್ತು, 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಂದರೆ ಕಾನೂನಿನಲ್ಲಿ ಮಾಡುವವರ ಹೆಸರಿಗೆ ಜಾಗ ಇದೆ. ಆ ಹೆಸರು ಸರ್ಕಾರಿ ಪುಸ್ತಕದಿಂದ ಇಳಿದು ಹಾಸಿನ ಮೂಲೆಗೆ ಬಂದರೆ ಎಷ್ಟು ಚೆನ್ನ! ಒಂದು ಸಣ್ಣ ಬಟ್ಟೆ ಚೀಟಿ ಹೊಲಿದರೂ ಸಾಕು. ಮೆಷಿನ್ನಿನಲ್ಲಿ ನವಿಲು ಹಾಕಿ ನವಲಗುಂದ ಅಂತ ಮಾರುವವನಿಗೆ ಊರಿನ ಹೆಸರು ಕದಿಯೋದು ಸುಲಭ. ಗಲ್ಲಿಗೆ ಬಂದು ಕೇಳಿದರೆ ಸಿಗುವಂಥ ಒಬ್ಬ ಹೆಣ್ಣುಮಗಳ ಹೆಸರು ಕದಿಯೋದು ಅಷ್ಟು ಸುಲಭ ಅಲ್ಲ.

ಇದನ್ನು ಬರೆಯುವಾಗಲೇ ಕಾಕಾನ ಮಾತಿಗೆ ನನಗೆ ಉತ್ತರ ಸಿಕ್ಕಿತು. ನಮ್ಮ ತೊಟ್ಟಿಲನ್ನು ಕಲಘಟಗಿಯದು ಅಂದರೆ ಏನು ಹೋಗ್ತಿತ್ತು? ಎರಡು ಹೋಗ್ತಿತ್ತು. ಕಲಘಟಗಿಯವರ ಹೆಸರನ್ನು ನಾವು ಕದ್ದ ಹಾಗಾಗ್ತಿತ್ತು. ಅದಕ್ಕಿಂತ ಹೆಚ್ಚಾಗಿ ನಮ್ಮಜ್ಜ ಇಲ್ಲದೇ ಹೋಗ್ತಿದ್ದ. ಇಷ್ಟು ದಿನ ಅವನ ಹೆಸರು ಮರದ ಮೇಲೆ ಇರಲಿಲ್ಲ, ಜನರ ಬಾಯಲ್ಲಿತ್ತು. ಬಾಯಲ್ಲೂ ಬೇರೆ ಹೆಸರು ಬಂದರೆ ಮುಗೀತು.

*

ಹುಣ್ಣಿಮೆ ದಿನ ಸಂಜೆ ರಾಮಲಿಂಗ ಓಣಿಗೆ ಹೋಗಿ ಕಾಮಣ್ಣನನ್ನು ನೋಡಿ ಬಂದೆ. ಅದೂ ಮರದ ಮೂರ್ತಿಯೇ. ಬೇಡಿದ್ದು ಕೊಡುತ್ತಾನೆ ಅಂತ ದೂರದೂರದಿಂದ ಜನ ಬರ್ತಾರೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಬೆಳ್ಳಿ ತೊಟ್ಟಿಲು ಒಪ್ಪಿಸ್ತಾರೆ. ರಾಮಲಿಂಗ ಕಾಮಣ್ಣ ಅಂತ ಅವನ ಹೆಸರಿಗೂ ಅಂಟಿರೋದು ಓಣಿಯ ಗುರುತೇ. ಸಾಲಿನಲ್ಲಿ ನಿಂತಾಗ ಯಾರೂ ಕೆತ್ತಿದವರ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದೇವರ ಮೇಲೆ ಸಹಿ ಹುಡುಕೋದು ನನಗೂ ಸರಿ ಅನ್ನಿಸಲಿಲ್ಲ.

ಮನೆಗೆ ಬಂದು ಕಾಕಾನ ಜೊತೆ ಕೂತೆ. ತೊಟ್ಟಿಲು ಮಾರೋದು ಬೇಡ, ಆ ರೇಟಿನಷ್ಟು ದುಡ್ಡು ನಾನು ಹಾಕ್ತೀನಿ ಅಂದೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ರೊಕ್ಕದ ಮಾತ ಬಿಡು. ಜೋಡ್ಸೋಣ ಬಾ" ಅಂದರು. ಹಲಗೆ, ಪಟ್ಟಿ, ಕಾಲು ಎಲ್ಲ ಅಂಗಳದಲ್ಲಿ ಹರಡಿಕೊಂಡೆವು. ಮೊದಲ ಸಲ ಅವಸರದಲ್ಲಿ ತಪ್ಪು ಜೋಡಿಸಿದೆವು, ಕೂರಲಿಲ್ಲ. ಆಯಿ ಕಟ್ಟೆಯ ಮೇಲಿಂದ, "ಗೀರ್ ನೋಡ್ರೋ, ಗೀರ್ ನೋಡ್ರಿ" ಅಂತ ಕೂಗಿದಳು. ಒಂದಕ್ಕೆ ಒಂದು, ಎರಡಕ್ಕೆ ಎರಡು. ಬೆಣೆ ಬಡಿದರೆ ಟಕ್ ಅಂತ ಕೂತಿತು. ಅಜ್ಜ ತೀರಿಕೊಂಡು ಹದಿನೈದು ವರ್ಷ ಆಯಿತು. ಅವನು ಹೇಳಿಕೊಟ್ಟ ಹಾಗೇ ಜೋಡಿಸಿದೆವು.

ಆಮೇಲೆ ಹೆಸರಿನ ಪ್ರಶ್ನೆ. ಅಜ್ಜನ ಉಳಿ ಇತ್ತು, ಅವನ ಹೆಸರು ಕೆತ್ತಿಬಿಡಲೇ ಅನ್ನಿಸಿತು. ಕೈ ಬರಲಿಲ್ಲ. ಅವನು ಮಾಡದ ಸಹಿಯನ್ನು ಅವನ ಉಳಿಯಿಂದಲೇ ನಾನು ಮಾಡಿದರೆ ಮುಂದೆ ನೋಡುವವರು ಅದು ಅವನದೇ ಅಂದುಕೊಳ್ಳುತ್ತಾರೆ. ಮಲ್ಲಿತಮ್ಮನ ಲೆಕ್ಕ ಮತ್ತೆ ಗೋಜಲಾದ ಹಾಗೆ. ಅದಕ್ಕೆ ತೊಟ್ಟಿಲಿನ ಅಡಿಯ ಹಲಗೆಗೆ ಪೆನ್ಸಿಲಿನಲ್ಲಿ ಬರೆದೆ: ಮಾಡಿದವರು ಇಂಥವರು, ಊರು ನವಲಗುಂದ, ಮೊದಲು ಮಲಗಿದ ಮಗು ಇಂಥದು. ಕೆಳಗೆ, ಇದನ್ನು ಬರೆದವನು ಮೊಮ್ಮಗ, ಬರೆದ ವರ್ಷ ಇದು, ಆಯಿ ಹೇಳಿದ ಪ್ರಕಾರ, ಅಂತ. ಅಳಿಸದ ಹಾಗೆ ಮೇಲೊಂದು ಕೈ ವಾರ್ನಿಶ್ ಹಚ್ಚಿದೆ.

ಇಷ್ಟೆಲ್ಲ ಹೆಸರಿನ ಪುರಾಣ ಹೇಳಿ ಅಜ್ಜನ ಹೆಸರೇ ಹೇಳಲಿಲ್ಲವಲ್ಲ ಅಂತ ಕೇಳ್ತೀರಿ, ಗೊತ್ತು. ಮನೆ ಮಂದಿ ಹೆಸರು ನೆಟ್‌ನಲ್ಲಿ ಹಾಕಬೇಡ ಅಂತ ಅವ್ವನ ಕಟ್ಟಪ್ಪಣೆ ಆಗಿದೆ :-) ನವಲಗುಂದಕ್ಕೆ ಬಂದರೆ ಮನೆಗೆ ಬನ್ನಿ. ತೊಟ್ಟಿಲು ಮಗುಚಿ ತೋರಿಸ್ತೀನಿ.

ನಿಮ್ಮ ಮನೆಯಲ್ಲೂ ಒಂದು ಮಂಚವೋ, ತೊಟ್ಟಿಲೋ, ಕಡಗೋಲೋ ಇರುತ್ತೆ. ಒಂದು ಸಲ ಬಗ್ಗಿ ಅದರ ಅಡಿ ನೋಡಿ. ಗೀರು ಇದ್ದರೆ ಫೋಟೋ ತೆಗೆದಿಡಿ. ಏನೂ ಇಲ್ಲದಿದ್ದರೆ, ಮಾಡಿದವರು ಯಾರು ಅಂತ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಕೇಳಿ ಬರೆದಿಡಿ. ಆಯಿಗೆ ಎಂಬತ್ತು ದಾಟಿದೆ ಅಂತ ಆಗಲೇ ಹೇಳಿದೆನಲ್ಲ, ನಾನು ಕೇಳಿದ್ದು ಸ್ವಲ್ಪ ತಡವಾಗಿಯೇ.